ಜೋಡಿ ಏರಿಯ ನಡುವೆ

ಕೇಳುಗರಿಗೆಲ್ಲ ನಮಸ್ಕಾರ.

ಮಣ್ಣಿನ ಏರಿ ಅಂದ ಕೂಡಲೇ ನಮಗೆ ನೆನಪಾಗುವುದು ಕೆರೆ, ಇಲ್ಲವೇ ಕೋಟೆ. ಇಂಗ್ಲೆಂಡಿನ ದಕ್ಷಿಣಕ್ಕಿರುವ ಡಾರ್ಸೆಟ್ ಸೀಮೆಯಲ್ಲಿ ನೀರನ್ನೂ ನಿಲ್ಲಿಸದ, ಶತ್ರುವನ್ನೂ ತಡೆಯದ ಒಂದು ಜೋಡಿ ಏರಿ ಇತ್ತು. ನಡುವೆ ಸುಮಾರು 100 ಮೀಟರ್ ಅಂತರ ಬಿಟ್ಟು, ಗುಡ್ಡ ಹತ್ತಿ ಇಳಿದು, ಹೊಳೆ ದಾಟಿ, ಸುಮಾರು 10 ಕಿಲೋಮೀಟರ್ ದೂರ ಎರಡೂ ಜೊತೆಯಾಗಿ ಸಾಗುತ್ತಿದ್ದವು. ಕಾಲ, ಕ್ರಿ.ಪೂ. 3300ರ ಆಸುಪಾಸು.

ಇಂಥವನ್ನು ‘ಕರ್ಸಸ್’ ಎನ್ನುತ್ತಾರೆ. 1723ರಲ್ಲಿ ವಿಲಿಯಂ ಸ್ಟಕ್ಲಿ ಎಂಬ ವಿದ್ವಾಂಸ ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುಗಳ ವೃತ್ತದ ಪಕ್ಕದಲ್ಲಿ ಇಂಥದ್ದೊಂದನ್ನು ಕಂಡು, ರೋಮನ್ನರು ರಥ ಓಡಿಸಿದ ಜಾಗವಿರಬೇಕು ಎಂದುಕೊಂಡ. ಹಾಗೆ ಬಂದ ಲ್ಯಾಟಿನ್ ಹೆಸರು ಅದು. ಊಹೆ ತಪ್ಪಾಗಿತ್ತು, ಹೆಸರು ಮಾತ್ರ ಉಳಿಯಿತು. 2007ರಲ್ಲಿ ಅಲ್ಲಿ ಏರಿಯ ಮಣ್ಣಿಗಾಗಿ ತೋಡಿದ ಕಂದಕದ ತಳದಲ್ಲಿ ಸಾರಂಗದ ಕೊಂಬಿನ ಗುದ್ದಲಿಯೊಂದು ಸಿಕ್ಕಿತು. ಕ್ರಿ.ಪೂ. 3630ರಿಂದ 3375ರ ನಡುವಿನದು. ಸ್ಟೋನ್‌ಹೆಂಜಿನ ದೊಡ್ಡ ಕಲ್ಲುಗಳು ಎದ್ದು ನಿಲ್ಲುವುದಕ್ಕೆ ಎಂಟುನೂರು ವರ್ಷಕ್ಕೂ ಹಿಂದಿನ ಮಾತು.

ಆ ಕೊಂಬನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಕಬ್ಬಿಣವಿಲ್ಲದ ಕಾಲ. ಕೊಂಬಿನ ಮೊನೆಯನ್ನು ಸುಣ್ಣದ ನೆಲಕ್ಕೆ ನಾಟಿ, ಹಿಡಿ ಒತ್ತಿ, ಹೆಂಟೆ ಎಬ್ಬಿಸಬೇಕು. ಹಾಗೆ ಗೇಣುಗೇಣಾಗಿ ಅಗೆಯುತ್ತ ಹೋದದ್ದು ಹರದಾರಿಗಟ್ಟಲೆ. ಹೊಸದಾಗಿ ಎಬ್ಬಿಸಿದ ಏರಿ ಹಸಿರು ಹುಲ್ಲಿನ ಮೇಲೆ ಬೆಳ್ಳಗೆ ಹೊಳೆದಿರಬೇಕು.

ಯಾಕೆ ಇಷ್ಟು ಶ್ರಮ? ಡಾರ್ಸೆಟ್‌ನ ನೆಲವೇ ಒಂದು ಸುಳಿವು ಕೊಡುತ್ತದೆ. ದಾರಿಯ ನಡುವಿನ ಗಸೆಜ್ ಗುಡ್ಡದ ಮೇಲೆ ಉದ್ದನೆಯ ಸಮಾಧಿ ದಿಬ್ಬವೊಂದಿದೆ. ಚಳಿಗಾಲದ ಅತಿ ಚಿಕ್ಕ ಹಗಲು ಮುಗಿಯುವಾಗ ಏರಿಗಳ ಸಾಲಿನಲ್ಲೇ ಇರುವ ಬಾಟಲ್‌ಬುಷ್ ಎಂಬ ಜಾಗದ ಕಡೆಯಿಂದ ನೋಡಿದರೆ, ಸೂರ್ಯ ಸರಿಯಾಗಿ ಆ ದಿಬ್ಬದ ಹಿಂದೆ ಮುಳುಗುತ್ತಾನೆ. ಸತ್ತ ಹಿರಿಯರು, ಮುಳುಗುವ ಸೂರ್ಯ, ಏರಿಗಳ ನಡುವೆ ನಿಂತ ಬದುಕಿರುವವರು, ಮೂವರನ್ನೂ ಒಂದೇ ಗೆರೆಯಲ್ಲಿ ತಂದ ಕಟ್ಟಣೆ ಇದು ಎಂದೇ ನಾನು ನಂಬುತ್ತೇನೆ.

ಇವತ್ತು ಅದರ ಬಹುಪಾಲು ನೇಗಿಲಿಗೆ ಸಿಕ್ಕಿ ಸಮನಾಗಿದೆ. ಆದರೂ ತುಂಬಿಹೋದ ಕಂದಕದ ಮಣ್ಣು ತೇವ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಅದರ ಮೇಲಿನ ಪೈರು ಅಕ್ಕಪಕ್ಕದ್ದಕ್ಕಿಂತ ಹಸಿರಾಗಿ ನಿಂತು, ವಿಮಾನದಿಂದ ನೋಡುವವರಿಗೆ ಹಳೆಯ ಗೆರೆಯನ್ನು ತೋರಿಸಿಕೊಡುತ್ತದೆ.

ವಿಮಾನ ಅಂದೆ. ಲಂಡನ್ನಿನ ಹೀಥ್ರೂ ನಿಲ್ದಾಣದ ಐದನೇ ಟರ್ಮಿನಲ್ ಕಟ್ಟುವ ಮುನ್ನ ನೆಲ ಅಗೆದಾಗಲೂ ಮೂರೂವರೆ ಕಿಲೋಮೀಟರಿಗೂ ಉದ್ದದ ಇಂಥದೇ ಒಂದು ಕರ್ಸಸ್‌ನ ಗುರುತು ಸಿಕ್ಕಿತು. ನಿಮ್ಮ ಮನೆಯ ಮಗನೋ ಮಗಳೋ ಬೆಂಗಳೂರಿಂದ ಅಲ್ಲಿ ಹೋಗಿ ಇಳಿಯುವವರಿದ್ದರೆ, ಐದು ಸಾವಿರ ವರ್ಷಕ್ಕೂ ಹಿಂದೆ ಜನ ಸಾಲಾಗಿ ನಡೆದಿರಬಹುದಾದ ನೆಲ ಅದು ಎಂದು ಅವರಿಗೆ ಹೇಳಿ.

ನಮಸ್ಕಾರ.