ಕನ್ನಡಿಯೊಳಗಿನ ಗಂಟು

ಸ್ನೇಹಿತರೇ,

ಕಳೆದ ಸಭೆ ಮುಗಿದು ಕುರ್ಚಿಗಳನ್ನು ಮಡಚಿಡುವ ಹೊತ್ತಿಗೆ ಗೆಳೆಯರೊಬ್ಬರು ಬಳಿಗೆ ಬಂದು ಬಹಳ ಸಂತೋಷದಿಂದ ಹೇಳಿದರು: "ಮನೆಯಲ್ಲಿ ಸರ್ವರ್ ಕೂರಿಸಿಬಿಟ್ಟೆ ಸರ್. ಎರಡು ಡಿಸ್ಕ್ ಹಾಕಿದ್ದೇನೆ, ರೇಡ್ 1, ಎರಡರಲ್ಲೂ ಒಂದೇ ಮಾಹಿತಿ. ಹಳೆಯ ಪೋರ್ಟಬಲ್ ಡಿಸ್ಕನ್ನು ಅಳಿಸಿ ತಮ್ಮನಿಗೆ ಕೊಟ್ಟೆ. ಇನ್ನು ಚಿಂತೆಯಿಲ್ಲ." ಅವರು ಇಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅಂದು ಅವಸರದಲ್ಲಿ ನಾನು ಬರೀ ತಲೆಯಾಡಿಸಿ ಹೊರಟೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವರಿಗೆ ಅಂದೇ ಹೇಳಬೇಕಿದ್ದುದನ್ನು ಇಂದು ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಸರ್ವರ್ ಏಕೆ ಬೇಕು ಎಂದು ಈ ಸಭೆಗೆ ವಿವರಿಸಬೇಕಿಲ್ಲ. ಹಾಡು, ಸಿನಿಮಾ, ಮಕ್ಕಳ ಮೊದಲ ಹೆಜ್ಜೆಯ ವಿಡಿಯೊ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದು, ಮನೆಯ ಯಾವ ಪರದೆಯಲ್ಲಾದರೂ ನೋಡುವಂತಿರಬೇಕು. ಅಷ್ಟೇ ತಾನೇ? ಆದರೆ ಆ ಪೆಟ್ಟಿಗೆಗೆ ಎಲ್ಲವನ್ನೂ ತುಂಬಿದ ದಿನವೇ ನಾವು ಎಲ್ಲವನ್ನೂ ಒಂದೇ ಕಡೆ ಕಳೆದುಕೊಳ್ಳಲು ಸಿದ್ಧರಾದೆವು ಎಂಬುದನ್ನು ಮರೆಯುತ್ತೇವೆ.

ರೇಡ್ ಎಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವಿಧಾನ. ಅದರಲ್ಲಿ ರೇಡ್ 1 ಎಂಬ ಬಗೆಯನ್ನು ತಂತ್ರಜ್ಞರು ಮಿರರ್ ಎನ್ನುತ್ತಾರೆ, ಅಂದರೆ ಕನ್ನಡಿ. ಕನ್ನಡಿಯೊಳಗಿನ ಗಂಟು ಎಂಬ ಮಾತು ನಮ್ಮಲ್ಲಿ ಎಷ್ಟು ಹಳೆಯದು! ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಮೊದಲ ಡಿಸ್ಕಿನಲ್ಲಿ ಬರೆದದ್ದು ಎರಡನೆಯದರಲ್ಲೂ ಮೂಡುತ್ತದೆ ನಿಜ. ಮೊದಲನೆಯದರಲ್ಲಿ ಅಳಿಸಿದ್ದು ಎರಡನೆಯದರಲ್ಲೂ ಅದೇ ಕ್ಷಣದಲ್ಲಿ ಅಳಿಯುತ್ತದೆ ಎಂಬುದೂ ಅಷ್ಟೇ ನಿಜ. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರೂ ರೇಡ್ ಕುರಿತ ಪ್ರಬಂಧವನ್ನು ಮಂಡಿಸಿದಾಗ ಅವರ ಮುಂದಿದ್ದ ಪ್ರಶ್ನೆ ಬೇರೆ: ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ ವೇಗವನ್ನು ಪಡೆಯುವುದು, ನಡುವೆ ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಮಾಲೀಕನ ಕೈ ತಪ್ಪಿದರೆ ಏನು ಗತಿ ಎಂಬುದಕ್ಕೆ ಅದರಲ್ಲಿ ಉತ್ತರ ಹುಡುಕಬಾರದು.

ನನ್ನ ಕೈ ತಪ್ಪಿತ್ತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಅಜ್ಜಿ ಕಥೆ ಹೇಳುತ್ತಿದ್ದರು. ಅಕ್ಕ ಅವನ್ನು 60 ನಿಮಿಷದ 14 ಕ್ಯಾಸೆಟ್ಟುಗಳಲ್ಲಿ ಮುದ್ರಿಸಿಟ್ಟಿದ್ದಳು. ಸರ್ವರ್ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೇ ಅವನ್ನು ಕಂಪ್ಯೂಟರಿಗೆ ಇಳಿಸಿದ್ದು. ಕ್ಯಾಸೆಟ್ಟಿಗೆ ಅವಸರ ಗೊತ್ತಿಲ್ಲ. 14 ಗಂಟೆಯ ಧ್ವನಿಗೆ 14 ಗಂಟೆಯನ್ನೇ ಕೊಡಬೇಕು. ಫ್ಲ್ಯಾಕ್ ರೂಪದಲ್ಲಿ ಉಳಿಸಿದೆ, ಏಕೆಂದರೆ ಅದು ಕಡತದ ಗಾತ್ರವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿದರೂ ಧ್ವನಿಯಲ್ಲಿ ಒಂದು ಬಿಟ್ಟನ್ನೂ ಬಿಡುವುದಿಲ್ಲ. ಅಜ್ಜಿ ನಡುನಡುವೆ ಕೆಮ್ಮುವುದು, ಹಿಂದೆ ಎಲ್ಲೋ ಬಾಗಿಲು ಕಿರುಗುಟ್ಟುವುದು, ಎಲ್ಲವೂ ಇರಬೇಕಿತ್ತು ನನಗೆ.

ಒಂದು ರಾತ್ರಿ ಫೋಲ್ಡರುಗಳನ್ನು ಓರಣ ಮಾಡುತ್ತಿದ್ದೆ. 'ಅಜ್ಜಿ' ಎಂದು ಒಂದು, 'ಅಜ್ಜಿ ಹೊಸದು' ಎಂದು ಇನ್ನೊಂದು. ಹೊಸದಕ್ಕೆ ಎಲ್ಲವನ್ನೂ ನಕಲಿಸಿ ಮುಗಿಸಿದ್ದೇನೆ ಎಂದುಕೊಂಡು ಹಳೆಯದನ್ನು ಅಳಿಸಿದೆ. ಹೊಸದನ್ನು ತೆರೆದರೆ ಒಂದೇ ಕಡತ. ಕಂಪ್ಯೂಟರಿನ ಕಸದ ಬುಟ್ಟಿಯನ್ನು ನೋಡಿದೆ. ನೆಟ್‌ವರ್ಕಿನ ಮೂಲಕ ಅಳಿಸಿದ್ದು ಆ ಬುಟ್ಟಿಗೆ ಬರುವುದಿಲ್ಲ. ಸರ್ವರಿನಲ್ಲಿ ಬೇರೆ ಬುಟ್ಟಿಯನ್ನು ನಾನು ಇಟ್ಟಿರಲಿಲ್ಲ. ಆಗ ನೆನಪಾಯಿತು, ಎರಡನೆಯ ಡಿಸ್ಕ್ ಇದೆಯಲ್ಲ! ಯಂತ್ರವನ್ನು ನಿಲ್ಲಿಸಿ ಡಿಸ್ಕನ್ನು ಹೊರಗೆಳೆದೆ. ಅದಿನ್ನೂ ಬಿಸಿಯಾಗಿತ್ತು. ಬೇರೆ ಕಂಪ್ಯೂಟರಿಗೆ ಜೋಡಿಸಿದೆ. ಅಲ್ಲೂ 'ಅಜ್ಜಿ ಹೊಸದು', ಅದರೊಳಗೆ ಅದೇ ಒಂದು ಕಡತ. ಕನ್ನಡಿ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಕ್ಯಾಸೆಟ್ಟುಗಳು ಅಟ್ಟದ ಮೇಲೆ ಇನ್ನೂ ಇದ್ದವು. ಅವನ್ನು ಎಸೆಯಬೇಡ ಎಂದು ಹಟ ಹಿಡಿದಿದ್ದವಳು ಅಕ್ಕ. ಮತ್ತೆ ಮೊದಲಿನಿಂದ ಇಳಿಸಲು ಕುಳಿತೆ. ಏಳನೆಯ ಕ್ಯಾಸೆಟ್ಟಿನ ಮೊದಲ ಬದಿ ಸರಿಯಾಗಿ ಬಂತು. ಎರಡನೆಯ ಬದಿಗೆ ತಿರುಗಿಸಿ ಪಕ್ಕದ ಕೋಣೆಗೆ ಹೋದೆ. ಮರಳಿ ಬರುವಷ್ಟರಲ್ಲಿ ಟೇಪು ರಬ್ಬರ್ ಗಾಲಿಗೆ ಸುತ್ತಿಕೊಂಡು, ಸುಕ್ಕುಗಟ್ಟಿ, ಕೆಲವೆಡೆ ದಾರದಂತೆ ಎಳೆದುಹೋಗಿತ್ತು. ಐದಾರು ನಿಮಿಷದ ಕಥೆ ಹೋಯಿತು. ಮೊದಲ ಸಲ ಅದು ನನ್ನ ಬಳಿ ಪೂರ್ತಿ ಇತ್ತು, ಎರಡು ಡಿಸ್ಕುಗಳಲ್ಲಿ ಇತ್ತು! ಆ ಎರಡನ್ನೂ ನಾನು ನಕಲು ಎಂದು ಎಣಿಸಿದ್ದೆ.

ಹಾಗಾದರೆ ನಕಲು ಯಾವುದು? ಬೇರೆ ಯಂತ್ರದಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರುವುದು. ನಾನು ಇಲ್ಲಿ ಅಳಿಸಿದರೆ ಅಲ್ಲಿ ಅಳಿಯದೆ ಇರುವುದು. ಒಮ್ಮೆಯಾದರೂ ಅದರಿಂದ ಕಡತವನ್ನು ಹಿಂದಕ್ಕೆ ತಂದು ತೆರೆದು ನೋಡಿರುವುದು. ಈ ಮೂರರಲ್ಲಿ ಹೆಚ್ಚಿನವರು ಬಿಡುವುದು ಕೊನೆಯದನ್ನು. ಸಿನಿಮಾಗಳನ್ನೆಲ್ಲ ನಕಲಿಸಲು ಜಾಗವಿಲ್ಲ ಎನ್ನುತ್ತೀರಿ, ಒಪ್ಪುತ್ತೇನೆ. ಸಿನಿಮಾ ಮತ್ತೆ ಸಿಗುತ್ತದೆ. ಅಜ್ಜಿಯ ಕಥೆ, ಮಗುವಿನ ಹೆಜ್ಜೆ ಸಿಗುವುದಿಲ್ಲ. ಅವು ಸಾಮಾನ್ಯವಾಗಿ ಇಡೀ ಸಂಗ್ರಹದ ಒಂದು ಸಣ್ಣ ಮೂಲೆ. ಆ ಮೂಲೆಗೆ ಒಂದು ಪೋರ್ಟಬಲ್ ಡಿಸ್ಕ್ ಸಾಕು, ತಮ್ಮನಿಗೆ ಕೊಟ್ಟ ಡಿಸ್ಕಿನಂಥದ್ದು. ಜೆಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬಳಸುವವರು ದಿನಕ್ಕೊಂದು ಸ್ನ್ಯಾಪ್‌ಶಾಟ್ (ಕಡತಗಳ ಆ ಹೊತ್ತಿನ ಸ್ಥಿತಿಯ ದಾಖಲೆ) ತೆಗೆಯುವಂತೆ ಹೊಂದಿಸಿಕೊಳ್ಳಿ. ಅದಿದ್ದಿದ್ದರೆ ಆ ರಾತ್ರಿ ಹಿಂದಿನ ದಿನದ ಫೋಲ್ಡರನ್ನು ಎರಡು ನಿಮಿಷದಲ್ಲಿ ಮರಳಿ ಪಡೆಯುತ್ತಿದ್ದೆ. ಆದರೆ ಪೆಟ್ಟಿಗೆಗೇ ಬೆಂಕಿ ಬಿದ್ದರೆ ಸ್ನ್ಯಾಪ್‌ಶಾಟ್ ಕೂಡ ಕನ್ನಡಿಯೊಳಗಿನ ಗಂಟೇ.

ಡಿಸ್ಕ್ ಕೊಳ್ಳುವಾಗ ಒಂದು ಎಚ್ಚರಿಕೆ. ಎಸ್‌ಎಂಆರ್ ಎಂಬ ಬಗೆಯ ಡಿಸ್ಕುಗಳಿವೆ. ಅವುಗಳಲ್ಲಿ ಬರವಣಿಗೆಯ ಸಾಲುಗಳು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ನಡುವಿನ ಹೆಂಚೊಂದನ್ನು ಬದಲಿಸಬೇಕಾದರೆ ಅದರ ಮೇಲಿನವನ್ನೂ ಎಬ್ಬಿಸಬೇಕಲ್ಲ, ಹಾಗೆ ಇಲ್ಲಿಯೂ ಅಕ್ಕಪಕ್ಕದ ಸಾಲುಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಸುಮ್ಮನೆ ಓದಲು ತೊಂದರೆಯಿಲ್ಲ. ಕೆಟ್ಟ ಡಿಸ್ಕಿನ ಬದಲು ಹೊಸದನ್ನು ಹಾಕಿ ರೇಡನ್ನು ಮತ್ತೆ ಕಟ್ಟುವಾಗ ಅದು ತೆವಳುತ್ತದೆ. ಸಾಲುಗಳು ಒಂದರ ಮೇಲೊಂದು ಚಾಚಿಕೊಳ್ಳದ ಬಗೆಯನ್ನು, ಅಂದರೆ ಸಿಎಂಆರ್ ಎಂದು ನಮೂದಾಗಿರುವುದನ್ನೇ ಕೊಳ್ಳಿ.

ಅಧ್ಯಕ್ಷರ ಚೀಟಿ ಬಂದಿದೆ, ಐದು ನಿಮಿಷ ಉಳಿದಿದೆ. ಸ್ಟ್ರೀಮಿಂಗ್ ಬಗ್ಗೆ ತಂದಿದ್ದ ಟಿಪ್ಪಣಿ ಇನ್ನೂ ನಾಲ್ಕು ಪುಟವಿದೆ. ಮುಖ್ಯವಾದುದನ್ನಷ್ಟೇ ಹೇಳುತ್ತೇನೆ.

ಚಿತ್ರ ತಡವರಿಸಿದರೆ ಮೊದಲು ತಂತಿಯನ್ನು ನೋಡಿ. ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ಎಳೆಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್‌ಗೆ, ಎಂಟೂ ಬೇಕು, 100 ಮೆಗಾಬಿಟ್‌ಗೆ ನಾಲ್ಕೇ ಸಾಕು. ಹಾಗಾಗಿ ಒಂದು ಎಳೆ ತುಂಡಾದಾಗ ಸಂಪರ್ಕ ಕಡಿಯದೆ ಸದ್ದಿಲ್ಲದೆ 100ಕ್ಕೆ ಇಳಿದುಬಿಡುವುದುಂಟು. 4ಕೆ ಬ್ಲೂರೇ ಡಿಸ್ಕಿನ ಹರಿವು ಸೆಕೆಂಡಿಗೆ 100 ಮೆಗಾಬಿಟ್ ಮೀರಬಲ್ಲದು. ಅನೇಕ ಟಿ.ವಿ.ಗಳ ಕೇಬಲ್ ಕಿಂಡಿಯೇ 100 ಮೆಗಾಬಿಟ್‌ನದು. ಪಾಪ, ಬೈಸಿಕೊಳ್ಳುವುದು ಮಾತ್ರ ಸರ್ವರ್.

ಸರ್ವರಿನಿಂದ ಸಿನಿಮಾ ಕಳುಹಿಸುವ ತಂತ್ರಾಂಶ ಜೆಲ್ಲಿಫಿನ್ ಆಗಲಿ ಪ್ಲೆಕ್ಸ್ ಆಗಲಿ, ಟಿ.ವಿ.ಗೆ ಅರ್ಥವಾಗುವ ರೂಪದಲ್ಲಿ ಕಡತವಿದ್ದರೆ ಹಾಗೆಯೇ ಕಳುಹಿಸುತ್ತದೆ, ಇಲ್ಲದಿದ್ದರೆ ಆಗಿಂದಾಗಲೇ ಪರಿವರ್ತಿಸಬೇಕು. ಪ್ರೊಸೆಸರ್ ಬೆವರುವುದು ಅಲ್ಲಿ. ಅಡಿಬರಹ ಹಾಕಿದೊಡನೆ ಸಿನಿಮಾ ನಿಂತುಹೋಗುತ್ತದೆ ಎಂದು ಹಲವರು ಕೇಳಿದ್ದಿರಿ. ಬ್ಲೂರೇಯ ಅಡಿಬರಹ ಅಕ್ಷರವಾಗಿರದೆ ಚಿತ್ರವಾಗಿರುತ್ತದೆ. ಅದನ್ನು ಟಿ.ವಿ. ತೋರಿಸಲಾರದಿದ್ದರೆ ಸರ್ವರ್ ಪ್ರತಿ ಚೌಕಟ್ಟಿನ ಮೇಲೂ ಅಂಟಿಸಿ ಕಳುಹಿಸಬೇಕು. ಅಕ್ಷರ ರೂಪದ ಅಡಿಬರಹ ಬಳಸಿದರೆ ಬಹುತೇಕ ಈ ತೊಂದರೆ ಇರುವುದಿಲ್ಲ.

ಯುಪಿಎಸ್ ಹಾಕಿ. ರೌಟರಿನಲ್ಲಿ ಹೊರಜಗತ್ತಿಗೆ ಬಾಗಿಲು ತೆರೆದಿಡಬೇಡಿ. ಉಳಿದದ್ದನ್ನು ಪ್ರಶ್ನೋತ್ತರದಲ್ಲಿ ನೋಡೋಣ.

ಮೇಜಿನ ಮೇಲಿರುವ ಈ ಸಣ್ಣ ಪೆಟ್ಟಿಗೆ ನಮ್ಮ ಮನೆಯದು. ಏಳನೆಯ ಕ್ಯಾಸೆಟ್ಟಿನ ಒಂದೆರಡು ನಿಮಿಷ ಕೇಳಿಸುತ್ತೇನೆ. ಮೊದಲ ಬದಿಯ ಕೊನೆಯಲ್ಲಿ ರಾಜಕುಮಾರಿ ಒಬ್ಬಳೇ ಪಾಳುಬಾವಿಯ ಮೆಟ್ಟಿಲು ಇಳಿಯುತ್ತಾಳೆ. ಎರಡನೆಯ ಬದಿಯಲ್ಲಿ ಅಜ್ಜಿಯ ದನಿ ಮತ್ತೆ ಸಿಗುವಾಗ ಅವಳು ಮೇಲೆ ಬಂದಾಗಿದೆ, ಕೈಯಲ್ಲಿ ಒಂದು ಗಿಳಿಯಿದೆ. ಅದು ಎಲ್ಲಿ ಸಿಕ್ಕಿತೆಂದು ನನಗೂ ಗೊತ್ತಿಲ್ಲ, ಅಕ್ಕನಿಗೂ ನೆನಪಿಲ್ಲ.