ಕರಡು ಯಾವತ್ತು ಕೈಗೆ ಬಂತು?

ಕೋಲಾರದ ಈ ಸಭೆಯಲ್ಲಿ ಬೇರೆಬೇರೆ ಪಕ್ಷಗಳ ಕಾರ್ಯಕರ್ತರಿದ್ದೀರಿ. ನಿಮ್ಮ ಪಕ್ಷದ ನೀತಿಯಲ್ಲಿ ಸದಸ್ಯರ ಮಾತಿಗೆ ಬೆಲೆ ಇದೆಯೇ ಎಂದು ತಿಳಿಯಬೇಕಾದರೆ ಕರಡು ನಿರ್ಣಯ ಯಾವ ದಿನ ಕೈಗೆ ಬಂತು, ನೋಡಿ. ಬೆಳಿಗ್ಗೆ ಬ್ಯಾಗಿನಲ್ಲಿಟ್ಟು ಕೊಟ್ಟ ಕರಡಿಗೆ ಮಧ್ಯಾಹ್ನ ಚಪ್ಪಾಳೆ ಬಿದ್ದರೆ ಅಲ್ಲಿ ಚರ್ಚೆಯೇ ನಡೆದಿಲ್ಲ.

ಕಾನೂನು ಇಲ್ಲಿ ನಮ್ಮ ಕೈ ಹಿಡಿಯುವುದಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಪ್ರಕಾರ, ನೋಂದಣಿ ಬೇಕೆನ್ನುವ ಪಕ್ಷ ಸಂವಿಧಾನಕ್ಕೂ ಪ್ರಜಾಪ್ರಭುತ್ವಕ್ಕೂ ನಿಷ್ಠವೆಂದು ಬರೆದುಕೊಡಬೇಕು. ನೀತಿಯನ್ನು ಯಾರು, ಹೇಗೆ ಚರ್ಚಿಸಬೇಕು ಎಂಬ ಮಾತು ಅದರಲ್ಲಿಲ್ಲ. ಜರ್ಮನಿಯ 1967ರ ಪಕ್ಷಗಳ ಕಾಯ್ದೆ ಎರಡು ವರ್ಷಕ್ಕೊಮ್ಮೆಯಾದರೂ ಸಮ್ಮೇಳನ ಆಗಲೇಬೇಕು, ಅಲ್ಪಮತದವರ ಪ್ರಸ್ತಾವಕ್ಕೂ ಸಾಕಷ್ಟು ಅವಕಾಶ ಸಿಗಬೇಕು ಎನ್ನುತ್ತದೆ. ನಮ್ಮಲ್ಲಿ ಸಿಪಿಎಂ ತನ್ನ ಮಹಾಧಿವೇಶನಕ್ಕೆ ಎರಡು ತಿಂಗಳ ಮೊದಲೇ ಕರಡನ್ನು ಘಟಕಗಳಿಗೆ ಕಳಿಸುತ್ತದೆ. ಬಂದ ತಿದ್ದುಪಡಿಗಳ ಬಗ್ಗೆ ಕೇಂದ್ರ ಸಮಿತಿ ಅಧಿವೇಶನಕ್ಕೆ ವರದಿ ಒಪ್ಪಿಸಬೇಕು. ತೀರ್ಮಾನವಾದ ಮೇಲೆ ಅಲ್ಪಮತದವರು ಹೊರಗೆ ಭಿನ್ನರಾಗ ಹಾಡುವಂತಿಲ್ಲ ಎನ್ನುವುದು ಅಲ್ಲಿನ ಬಿಗಿ. ಆದರೂ ಆ ಎರಡು ತಿಂಗಳ ಕ್ರಮವನ್ನು ಯಾವ ಪಕ್ಷವಾದರೂ ತೆಗೆದುಕೊಳ್ಳಬಹುದು.

ಈಗ ನಮ್ಮ ಕೆರೆಗಳ ವಿಷಯಕ್ಕೇ ಬರೋಣ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರಿಗೆ ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂದು ಮಾಲೂರಿನ ಒಂದು ಘಟಕ ನಿರ್ಣಯ ಬರೆಯುತ್ತದೆ ಎಂದಿಟ್ಟುಕೊಳ್ಳಿ. ‘ಸರ್ಕಾರ ಗಮನ ಹರಿಸಬೇಕು’ ಎಂದು ಬರೆದರೆ ಎಲ್ಲರೂ ಒಪ್ಪುತ್ತಾರೆ, ಏನೂ ಆಗುವುದಿಲ್ಲ. ಯಾವ ಇಲಾಖೆ, ಎಷ್ಟರೊಳಗೆ, ಯಾವ ಬಾಬಿನ ಹಣದಲ್ಲಿ, ನೀರಿನ ಪರೀಕ್ಷೆಯ ಫಲಿತಾಂಶ ಪಂಚಾಯಿತಿಗೆ ಯಾವಾಗ, ಇಷ್ಟೂ ಬರೆದರೆ ಮಾತ್ರ ವಿರೋಧ ಹುಟ್ಟುತ್ತದೆ. ಆ ವಿರೋಧ ಬೇಕು. ಸೂಚಕರು, ಅನುಮೋದಕರು ಸಹಿ ಹಾಕಲಿ.

ಮುಂದಿನ ಅಪಾಯ ಇರುವುದು ನಿರ್ಣಯ ಸಮಿತಿಯ ಮೇಜಿನಲ್ಲಿ. ಬಂಗಾರಪೇಟೆಯದು, ಶ್ರೀನಿವಾಸಪುರದ್ದು, ಮಾಲೂರಿನದು ಎಲ್ಲ ಸೇರಿಸಿ ಒಂದು ಮಾಡುವಾಗ ಮೊದಲು ಉದುರಿಹೋಗುವುದೇ ಗಡುವು ಮತ್ತು ಹಣದ ಸಾಲು. ಆದ್ದರಿಂದ ಸೇರಿಸಿದ ಕರಡನ್ನು ಮೂಲ ಸೂಚಕರಿಗೆ ತೋರಿಸಬೇಕು. ಒಪ್ಪದಿದ್ದರೆ ತಮ್ಮ ಸಾಲನ್ನು ತಿದ್ದುಪಡಿಯಾಗಿ ತರುವ ಹಕ್ಕು ಅವರಿಗಿರಬೇಕು.

ಸಭೆಯಲ್ಲಿ ತಿದ್ದುಪಡಿಗಳಿಗೆ ಮೊದಲು ಮತ, ಆಮೇಲೆ ತಿದ್ದಿದ ನಿರ್ಣಯಕ್ಕೆ. ಮೂಲ ನಿರ್ಣಯವನ್ನೇ ಮೊದಲು ಅಂಗೀಕರಿಸಿದರೆ ತಿದ್ದುಪಡಿಗಳೆಲ್ಲ ಚರ್ಚೆಯಿಲ್ಲದೆ ಸತ್ತುಹೋಗುತ್ತವೆ. ಕೈ ಎಣಿಸಿ, ಪರ-ವಿರೋಧದ ಸಂಖ್ಯೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ವಿಪ್‌ಗೆ, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶಕ್ಕೆ, ಹೆದರಿ ಸುಮ್ಮನಿರುವವರಿದ್ದಾರೆ. 1985ರ ಪಕ್ಷಾಂತರ ನಿಷೇಧದ ವಿಪ್ ಸದನದ ಮತಕ್ಕೆ ಸಂಬಂಧಿಸಿದ್ದು, ಪಕ್ಷದ ಸಭೆಯಲ್ಲಿ ನೀವು ಎತ್ತುವ ಕೈಗಲ್ಲ.

‘ಅಂತಿಮ ರೂಪ ಕೊಡಲು ಕಾರ್ಯಕಾರಿಣಿಗೆ ಅಧಿಕಾರ’ ಎಂಬ ಕೊನೆಯ ಸಾಲು ನಿರ್ಣಯದೊಳಗೆ ನುಸುಳಲು ಬಿಡಬೇಡಿ. ಒಪ್ಪಲೇಬೇಕಾಗಿ ಬಂದರೆ ‘ಭಾಷಾ ದೋಷಗಳ ಮಟ್ಟಿಗೆ ಮಾತ್ರ’ ಎಂದು ಸೇರಿಸಿ, ಅದನ್ನೂ ಮತಕ್ಕೆ ಹಾಕಿಸಿ.