ಒಣಗಿದ ಹಲಸು ಲೇಥ್ ಮೇಲೆ ಯಾಕೆ ಸೀಳುತ್ತೆ?

ನಮಸ್ಕಾರ. ಶಿರಸಿ ಕಡೆಯ ವೀಕ್ಷಕರೊಬ್ಬರ ಪ್ರಶ್ನೆ: "ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಹಲಸಿನ ತುಂಡು. ಬಟ್ಟಲು ಕಡೆಯೋಣ ಅಂತ ಲೇಥ್‌ಗೆ ಕಟ್ಟಿದ್ರೆ ತಿರುಳಿಂದ ಅಂಚಿನವರೆಗೂ ಸೀಳು. ಒಣಗಿದ ಮರ ಯಾಕೆ ಬಿರಿಯುತ್ತೆ?"

ಲೇಥ್ ಗೊತ್ತಿರೋದೇ: ತುಂಡು ತಿರುಗುತ್ತೆ, ಉಳಿ ಕೆರೆಯುತ್ತೆ. ನೇರ ಬಿರುಕಿಗೇ ಬರೋಣ.

[ತೆರೆಯ ಮೇಲೆ: ದಿಮ್ಮಿಯಿಂದ ಅಡ್ಡ ಕೊಯ್ದ ಬಿಲ್ಲೆ]

ಹಸಿ ಮರದ ತೇವ ಸುಮಾರು ಶೇ. 30ಕ್ಕೆ ಇಳಿಯೋವರೆಗೆ ಅಳತೆ ಬದಲಾಗಲ್ಲ. ಅದಕ್ಕಿಂತ ಕೆಳಗಿಳಿದ್ರೆ ಕುಗ್ಗೋಕೆ ಶುರು. ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನಬಹುದು. ತಿರುಳಿಂದ ತೊಗಟೆ ಕಡೆಗೆ ಸ್ವಲ್ಪ. ಸುತ್ತಳತೆಯಲ್ಲಿ? ಅದರ ಹೆಚ್ಚುಕಮ್ಮಿ ಎರಡು ಪಟ್ಟು!

ಇಲ್ಲಿ ಸ್ವಲ್ಪ ನಿಲ್ಲೋಣ, ನನಗಿದು ಬಹಳ ಇಷ್ಟದ ಲೆಕ್ಕ. ಬಿಲ್ಲೆಯ ತ್ರಿಜ್ಯ 100 ಮಿಲಿಮೀಟರ್ ಅಂದ್ಕೊಳ್ಳಿ, ಸುತ್ತಳತೆ 628. ತ್ರಿಜ್ಯ ಶೇ. 4 ಕುಗ್ಗಿ 96 ಆಯ್ತು. ಅದನ್ನ ಪೂರ್ತಿ ಸುತ್ತೋಕೆ 603 ಮಿಲಿಮೀಟರ್ ಮರ ಬೇಕು. ಆದ್ರೆ ಸುತ್ತಳತೆ ಶೇ. 8 ಕುಗ್ಗಿ ಉಳಿದಿರೋದು 578 ಮಾತ್ರ. ಕೊರತೆ 25 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಇಂಚು! ಕೈ ಅಷ್ಟೇ ಇದ್ದು ಬಳೆ ಮಾತ್ರ ಕುಗ್ತಾ ಹೋದ್ರೆ ಬಳೆ ಒಡೆಯಲೇಬೇಕಲ್ಲ? ಆ ಇಂಚೇ ನಿಮ್ಮ ಸೀಳು. ಎಷ್ಟು ನಿಧಾನ ಒಣಗಿಸಿದ್ರೂ ತಿರುಳಿರೋ ದುಂಡು ತುಂಡು ಬಿರಿಯದೆ ಉಳಿಯೋದು ಅಪರೂಪ.

ಅದಕ್ಕೇ ದಿಮ್ಮಿನ ಹಸಿ ಇರುವಾಗ್ಲೇ ಉದ್ದಕ್ಕೆ ಸೀಳಿ, ತಿರುಳು ತೆಗೆದುಬಿಡಿ. ಹತ್ತಿಂಚಿನ ಬಟ್ಟಲಾದ್ರೆ ಒಂದಿಂಚು ದಪ್ಪ ಬಿಟ್ಟು ಒರಟಾಗಿ ಕಡೆದು, ಮೇಣ ಬಳಿದು, ಗಾಳಿ ಬೀಸದ ನೆರಳಲ್ಲಿಡಿ. ಸೊಟ್ಟಗಾಗುತ್ತೆ, ಆಗ್ಲಿ. ಒಣಗಿದ ಮೇಲೆ ಇನ್ನೊಮ್ಮೆ ಕಡೆದು ದುಂಡು ಮಾಡೋಕೇ ಆ ದಪ್ಪ ಬಿಟ್ಟಿರೋದು.

ಇನ್ನೊಂದು ವಿಷಯ. "ಒಣಗಿದೆ" ಅಂದ್ರೆ ಯಾವ ಊರಿನ ಗಾಳಿಗೆ? ಕಾರವಾರದ ಮಳೆಗಾಲದಲ್ಲಿ ಹದವಾಗಿದ್ದ ಮರ ಬೇಸಿಗೆಯ ಹುಬ್ಬಳ್ಳಿಗೆ ಹೋದ್ರೆ ಮತ್ತೆ ತೇವ ಬಿಡುತ್ತೆ, ಮತ್ತೆ ಕುಗ್ಗುತ್ತೆ.

ಸಮಯ ಕಡಿಮೆ ಇದೆ, ಉಳಿದಿದ್ದು ಬೇಗ ಹೇಳ್ತೀನಿ. ಕೂದಲೆಳೆಯಂಥ ಬಿರುಕಿಗೆ ತೆಳು ಸೂಪರ್ ಗ್ಲೂ ಇಳಿಸಿ, ಪೂರ್ತಿ ಒಣಗೋಕೆ ಬಿಡಿ. ಉಳಿ ಚೂಪಾಗಿರಲಿ, ವೇಗ ಕಡಿಮೆ ಇರಲಿ, ಮುಖಕ್ಕೆ ಪೂರ್ತಿ ಕವಚ ಇರಲಿ. ತುಂಡು ಹಾರಬಹುದಾದ ನೇರಕ್ಕೆ ನಿಲ್ಲಬೇಡಿ. ಮರಳು ಕಾಗದ ಒತ್ತಿ ಉಜ್ಜಿದ್ರೆ ಬಿಸಿಗೇ ಹೊಸ ಬಿರುಕು ಬರುತ್ತೆ, ಹಗುರವಾಗಿ ಉಜ್ಜಿ.

ಪ್ರಶ್ನೆ ಕೇಳಿದವರ ತುಂಡಿನ ಹಾಗೆ ಸೀಳು ಆರಪಾರ ಇದ್ರೆ? ಅಂಟು ಹಾಕಿ ತಿರುಗಿಸೋ ಸಾಹಸ ಖಂಡಿತ ಬೇಡ. ಅದು ಬಚ್ಚಲೊಲೆಗೆ.